ಶಾಮಿಯಾನ ಹಾಕಿದ ವರ್ಷ

ನಮ್ಮ ಊರಿನಲ್ಲಿ ಸೂರಿನ ಕೆಳಗೆ ಕಲಿತದ್ದು ಹೊತ್ತು ಮುಳುಗುವುದರೊಳಗೆ ಮರೆತುಹೋಗುತ್ತದೆ. ಯಾಕೆ ಎಂದು ಕೇಳುವವರು ಹೊರಗಿನವರು. ನಾವು ಕೇಳುವುದಿಲ್ಲ, ಹೊಂದಿಕೊಂಡಿದ್ದೇವೆ. ನಮ್ಮ ಶಾಲೆಗೆ ನಾಲ್ಕು ಗೋಡೆ ಇವೆ, ಮೇಲೆ ಆಕಾಶ. ದರ್ಜಿ ಹೊಲಿಗೆ ಕಲಿಸುವ ದಿನ ಮಿಷನ್ನನ್ನು ಬೇವಿನ ಮರದ ಬುಡಕ್ಕೆ ಹೊತ್ತು ತರುತ್ತಾನೆ. ಸಾರು ಮಾಡುವುದನ್ನು ಹೇಳಿಕೊಡಬೇಕೆಂದರೆ ಅಂಗಳದಲ್ಲಿ ಮೂರು ಕಲ್ಲು ಹೂಡಿ ಒಲೆ ಹಚ್ಚಬೇಕು. ಸೊಸೆಗೆ ಬುದ್ಧಿ ಕಲಿಸಬೇಕೆನ್ನುವ ಅತ್ತೆ ಮೊದಲು ಅವಳನ್ನು ಹೊರಗೆ ಕರೆದು ತರಬೇಕು. ಅಷ್ಟರಲ್ಲಿ ಅತ್ತೆಯ ಅರ್ಧ ಸಿಟ್ಟು ಇಳಿದಿರುತ್ತದೆ, ಮಿಕ್ಕರ್ಧ ಅಕ್ಕಪಕ್ಕದವರು ನೋಡುತ್ತಾರಲ್ಲ ಎಂಬ ನಾಚಿಕೆಗೆ ಇಳಿಯುತ್ತದೆ.

ಮಳೆಗಾಲಕ್ಕೂ ಒಂದು ಕಟ್ಟಳೆಯಿದೆ. ಮೈಮೇಲೆ ಹೊತ್ತದ್ದು ಸೂರಲ್ಲ, ತನ್ನ ಕಾಲ ಮೇಲೆ ತಾನು ನಿಂತದ್ದು ಸೂರು. ಕೈಯಲ್ಲಿ ಹಿಡಿದ ಕೊಡೆಯ ಕೆಳಗೆ ಮಗ್ಗಿ ಕಲಿಯಬಹುದು; ಅದೇ ಕೊಡೆಯನ್ನು ನೆಲಕ್ಕೆ ನೆಟ್ಟರೆ ಏಳರ ಮಗ್ಗಿ ಸಂಜೆಗೆ ಹೋಯಿತೆಂದೇ ತಿಳಿಯಿರಿ. ಕಂಬಳಿ ಕೊಪ್ಪೆಗೆ ಯಾವ ತಕರಾರೂ ಇಲ್ಲ. ಮರವೂ ತನ್ನ ಕಾಲ ಮೇಲೆ ನಿಂತಿದೆಯಲ್ಲ ಎಂದು ವಾದಿಸುವವರು ತಲೆಮಾರಿಗೊಬ್ಬರು ಹುಟ್ಟುತ್ತಾರೆ. ಮರಕ್ಕಿರುವುದು ಬೇರು, ಕಾಲಲ್ಲ ಎಂದು ಹೇಳಿ ಅವರ ಬಾಯಿ ಮುಚ್ಚಿಸುತ್ತೇವೆ.

ನನ್ನ ಹೆಸರು ಕೆಂಪಾಜಮ್ಮ. ಈ ಊರಿಗೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷವಾಯಿತು. ನಾನು ಸೇರಿದ್ದು ನೀರುಗಂಟಿಯವರ ಮನೆ. ಕೆರೆಯ ತೂಬಿಗೆ ಒಂದು ಮರದ ಗೂಟವಿದೆ. ಅದನ್ನು ಎತ್ತಿದರೆ ಗದ್ದೆಗಳಿಗೆ ನೀರು, ಇಳಿಸಿದರೆ ಇಲ್ಲ. ಆ ಗೂಟ ಮುಟ್ಟುವ ಹಕ್ಕು ಊರಿಗೆಲ್ಲ ನಮ್ಮ ಮನೆಯೊಂದಕ್ಕೇ ಇತ್ತು. ಮಾವ ತೀರಿಕೊಂಡ ಮೇಲೆ ಅತ್ತೆ ದ್ಯಾವೀರಮ್ಮ ಅದನ್ನು ನೋಡಿಕೊಂಡರು. ನನ್ನ ಗಂಡ ಮಾಯಣ್ಣ ಬಳೆ ವ್ಯಾಪಾರಿ. ಚಿಕ್ಕಂದಿನಲ್ಲಿ ಒಮ್ಮೆ ಕೆರೆಯಲ್ಲಿ ಮುಳುಗೆದ್ದವರು, ಆಮೇಲೆ ಮೊಣಕಾಲುದ್ದ ನೀರಿಗೂ ಇಳಿದವರಲ್ಲ. "ನಂಗೆ ನೀರು ಅಂದ್ರೆ ಹಂಡೆಲಿರೋದು ಅಷ್ಟೆಯಾ" ಎಂದು ನಗುತ್ತಾ ಹೇಳಿ ಬಳೆಯ ಗಂಟು ಹೊತ್ತು ಹೊರಟುಬಿಡುತ್ತಿದ್ದರು.

ಅತ್ತೆ ಕೆಟ್ಟವರಲ್ಲ. ಆದರೆ ಅವರ ಬಾಯಿಂದ ಮಾತು ಹೊರಡಿಸುವುದೂ ಒಂದೇ, ಕಲ್ಲಿನಿಂದ ಎಣ್ಣೆ ಹಿಂಡುವುದೂ ಒಂದೇ. ಅವರ ಮೇಲೆ ನನಗೆ ಮೂರು ಸಿಟ್ಟುಗಳಿದ್ದವು. ಮೊದಲನೆಯದು, ಹಿತ್ತಿಲಲ್ಲಿ ಸೊಗಸಾದ ಬಾವಿಯಿದ್ದರೂ ನಾನು ಮಾತ್ರ ದಿನಾ ಬೆಳಿಗ್ಗೆ ಪಾತ್ರೆಯ ಕುಕ್ಕೆ ಹೊತ್ತು ಅರ್ಧ ಮೈಲಿ ನಡೆದು, ಏರಿಯ ಕೆಳಗಿನ ತೂಬಿನ ಕಲ್ಲಿನ ಮೇಲೆ ಕೂತು ತೊಳೆಯಬೇಕಿತ್ತು. ಊರಿನ ಬೇರೆ ಯಾವ ಸೊಸೆಗೂ ಈ ಶಿಕ್ಷೆ ಇರಲಿಲ್ಲ. ಕೇಳಿದರೆ, "ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ?" ಎಂದು ಗಾದೆ ಹೇಳಿ ಸುಮ್ಮನಾಗುತ್ತಿದ್ದರು. ಎರಡನೆಯದು, ನಾನು ಪಾತ್ರೆ ಉಜ್ಜಲು ಒಯ್ದ ಬೂದಿಯನ್ನು ಆಗಾಗ ಬಂದು ಹಿಡಿ ತುಂಬ ಎತ್ತಿಕೊಂಡು, ಏರಿ ಹತ್ತಿ, ಕೆರೆಗೆ ಎಸೆದು ನೋಡುತ್ತಾ ನಿಲ್ಲುತ್ತಿದ್ದರು. ಮೂರನೆಯದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮದುವೆಯಾದ ಎರಡನೇ ವರ್ಷ, ನನ್ನ ತವರಿನವರು ಕೊಟ್ಟ ಹೊಸ ಕರಿಕಂಬಳಿಯನ್ನು ಕಲ್ಲು ಕಟ್ಟಿ ಕೆರೆಗೆ ಇಳಿಬಿಟ್ಟರು. ನಾನು ಮೂರು ದಿನ ಕಣ್ಣೀರಿಟ್ಟೆ. ನಾನು ಅತ್ತದ್ದನ್ನು ಕಂಡು, ಏನೂ ಹೇಳದೆ, ತಮ್ಮ ಹಳೆಯ ಕಂಬಳಿ ತಂದು ನನಗೆ ಹೊದಿಸಿ ಹೋದರು.

ಹೋದ ವರ್ಷ ಮಳೆಗಾಲದಲ್ಲಿ ಅತ್ತೆ ಮಲಗಿದರು. ನಮ್ಮೂರಲ್ಲಿ ಕೊನೆಗಾಲ ಬಂದವರನ್ನು ಮಂಚ ಸಮೇತ ಅಂಗಳಕ್ಕೆ ಎತ್ತಿಡುವುದು ಪದ್ಧತಿ, ಹೇಳುವುದಿದ್ದರೆ ಹೇಳಿ ಹೋಗಲಿ ಎಂದು. ಆದರೆ ಮೂರು ದಿನ ಬಿಡದೆ ಮಳೆ. ಜ್ವರದ ಮೈ, ನೆನೆದರೆ ಇನ್ನೇನಾದೀತೋ ಎಂದು ಒಳಗೇ ಇಟ್ಟುಕೊಂಡೆವು. ಹುಟ್ಟಿದ ಮೇಲೆ ಆಡದಷ್ಟು ಮಾತನ್ನು ಅತ್ತೆ ಆ ಮೂರು ದಿನದಲ್ಲಿ ಆಡಿದರು. ಕೆರೆಯ ವಿಷಯ, ಏರಿಯ ವಿಷಯ, ಎಲ್ಲವನ್ನೂ ನನ್ನ ಕೈ ಹಿಡಿದುಕೊಂಡು ಹೇಳಿದರು. ನಾನು ಹೂಂಗುಟ್ಟಿದೆ. ನಾಲ್ಕನೇ ದಿನ ಅವರೂ ಇರಲಿಲ್ಲ, ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ಉಳಿದಿರಲಿಲ್ಲ. ತುಟಿ ಅಲುಗಾಡಿದ್ದು ಮಾತ್ರ ನೆನಪಿದೆ. ನಾಲ್ಕು ಜನ ಸೇರಿ ಆ ಮಂಚ ಎತ್ತಿದ್ದರೆ ಸಾಕಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಇದು ಬರೀ ದುಃಖದ ಮಾತಾಗಿದ್ದರೆ ಅತ್ತು ಮುಗಿಸುತ್ತಿದ್ದೆ. ಕಾರ್ತಿಕದಲ್ಲಿ ಕೆರೆ ತುಂಬಿ ತುಳುಕುವಾಗ ನಮ್ಮಲ್ಲಿ ಬಯಲುಪಾಠ ನಡೆಯುತ್ತದೆ. ಏರಿಯ ಕೆಳಗಿನ ಹುಲ್ಲುಬಯಲಿನಲ್ಲಿ ಊರೆಲ್ಲ ಒಂದು ದಿನ ಕೂರುತ್ತದೆ. ಒಂದೊಂದು ಮನೆಯವರೂ ಎದ್ದು ಮಣ್ಣು, ನೀರು, ಗಿಡ, ಹಕ್ಕಿ, ಹುಳುಗಳ ಬಗ್ಗೆ ತಮ್ಮ ಮನೆಯ ಪಾಠವೊಂದನ್ನು ಆ ವರ್ಷ ಏಳು ತುಂಬಿದ ಮಕ್ಕಳಿಗೆ ಕಲಿಸಬೇಕು. ಕುಂಬಾರರ ಮನೆಯವರು ಜೇಡಿಮಣ್ಣು ಗುರುತಿಸುವುದನ್ನು ಹೇಳಿದರೆ, ಜೇನು ಕೀಳುವವರ ಮನೆಯವರು ಎಷ್ಟು ಬಿಟ್ಟು ಎಷ್ಟು ತೆಗೆಯಬೇಕೆಂಬುದನ್ನು ಹೇಳುತ್ತಾರೆ. ಮರುದಿನ ಬೆಳಿಗ್ಗೆ ಮಕ್ಕಳನ್ನು ಕೇಳಿ ನೋಡುತ್ತಾರೆ. ನೆನಪಿದ್ದರೆ ಪಾಠ ನಿಂತಿತು. ಇಲ್ಲದಿದ್ದರೆ ಬಿದ್ದಿತು, ಬಿದ್ದ ಮನೆಯ ಕೆಲಸ, ಪಾಠ ನಿಂತ ಇನ್ನೊಂದು ಮನೆಗೆ ಹೋಗುತ್ತದೆ. ಕೆಲಸ ಹೊಸ ಕೈಗೆ ಬಂದ ವರ್ಷ, ಹಿಂದಿನವರು ಬಯಲಿನಲ್ಲಿ ಹೇಳಿದ್ದನ್ನೇ ತಿರುಗಿ ಹೇಳುವಂತಿಲ್ಲ; ನನ್ನ ಬಳಿ ಬೇರೆ ಪಾಠವೇ ಇರಲಿಲ್ಲ. ಏಳು ತಲೆಮಾರಿನ ಗೂಟ ನನ್ನ ಕೈಯಲ್ಲಿ ಕಳೆದುಹೋಗುವುದರಲ್ಲಿತ್ತು.

ಅದು ಯಾರ ಮನೆಗೆ ಹೋಗುತ್ತದೆ ಎಂಬುದೂ ಗೊತ್ತಿತ್ತು. ತೂಬಿಗೆ ಹತ್ತಿರದ ಗದ್ದೆಗಳೆಲ್ಲ ಈರೇಗೌಡರವು. ದೊಡ್ಡ ಮನುಷ್ಯರು, ಮನಸ್ಸೂ ಸಣ್ಣದಲ್ಲ. ಆದರೆ ಗದ್ದೆಗೆ ನೀರು ಬೇಕೆಂದಾಗಲೆಲ್ಲ ಒಬ್ಬ ಹೆಂಗಸಿನ ಮುಂದೆ ನಿಲ್ಲಬೇಕಲ್ಲ ಎಂಬ ಕಸಿವಿಸಿ ಅವರಿಗೆ ಅತ್ತೆಯ ಕಾಲದಿಂದಲೂ ಇತ್ತು. ಬಯಲುಪಾಠಕ್ಕೆ ಎಂಟು ದಿನವಿರುವಾಗ ದಾರಿಯಲ್ಲಿ ಸಿಕ್ಕು, "ಪಾಠ ಸಿಕ್ತೇನವ್ವ?" ಎಂದರು.

"ಹುಡುಕ್ತಾ ಇವ್ನಿ ಗೌಡ್ರೆ" ಎಂದೆ.

"ಸಿಗದಿದ್ರೆ ಬೇಜಾರು ಮಾಡ್ಕಬ್ಯಾಡ. ಗೂಟ ನಮ್ಮನೇಲಿ ಇದ್ರೂ ಊರದೇ ತಾನೆ" ಎಂದು ಹೇಳಿ, ಸಮಾಧಾನ ಮಾಡಿದವರ ಹಾಗೆ ತಲೆಯಾಡಿಸಿ ಹೋದರು.

ಆ ವರ್ಷ ಗೌಡರು ತಮ್ಮ ಮನೆಯ ಪಾಠವನ್ನು ಜೋರಾಗಿ ಮಾಡಬೇಕೆಂದು ಪಟ್ಟಣದಲ್ಲಿದ್ದ ಅಳಿಯನನ್ನು ಕರೆಸಿದ್ದರು. ಅಳಿಯ ಒಂದು ಪ್ರೊಜೆಕ್ಟರ್ ತಂದಿದ್ದ. ಬಿಳಿ ಪರದೆಯ ಮೇಲೆ ದೇಶವಿದೇಶದ ಹಕ್ಕಿಗಳು ಬರುತ್ತವೆ, ಕೂಗುತ್ತವೆ ಎಂದು ಊರೆಲ್ಲ ಸುದ್ದಿ. ಆದರೆ ಬಿಸಿಲಲ್ಲಿ ಚಿತ್ರ ಕಾಣುವುದಿಲ್ಲವಲ್ಲ. ಅದಕ್ಕೇ ಬಯಲಿನಲ್ಲಿ ಒಂದು ಭಾರಿ ಶಾಮಿಯಾನ ಎದ್ದು ನಿಂತಿತು. ಕೆಂಪು, ಹಳದಿ ಪಟ್ಟೆಯ ದಪ್ಪ ಬಟ್ಟೆ, ಹದಿನಾರು ಕಂಬ.

"ಇದು ಸೂರಾಗಲ್ವಾ ಗೌಡ್ರೆ?" ಎಂದು ಲಲಿತಾಕ್ಷಿ ಟೀಚರ್ ಕೇಳಿದರು. ಬಯಲುಪಾಠ ನಡೆಸುವವರು, ಮರುದಿನ ಮಕ್ಕಳನ್ನು ಕೇಳಿ ನೋಡುವವರು ಅವರೇ.

"ಬಟ್ಟೆ ಕಣಮ್ಮ ಇದು. ಮಳೆ ಬಂದ್ರೆ ಸೋರ್ತದೆ. ಸೋರೋದನ್ನ ಯಾರಾದ್ರೂ ಸೂರು ಅಂತಾರಾ?"

"ಹಂಗಾದ್ರೆ ನಮ್ಮನೇನೂ ಸೂರಲ್ಲ ಬುಡಿ" ಎಂದು ಜೇನು ಕೀಳುವ ಮುದ್ದಯ್ಯ ಹೇಳಿದ್ದಕ್ಕೆ ಎಲ್ಲರೂ ನಕ್ಕರು. ನಗುತ್ತಲೇ ಒಬ್ಬೊಬ್ಬರಾಗಿ ನೆರಳಿಗೆ ಸರಿದರು. ಬಿಸಿಲು ಹಾಗಿತ್ತು. ಟೀಚರ್ ಕೂಡ ಒಂದು ಕ್ಷಣ ಆಕಾಶ ನೋಡಿ, ಸೆರಗಿನಿಂದ ಕತ್ತು ಒರೆಸಿಕೊಂಡು ಒಳಗೆ ಬಂದರು. ಹದಿನಾರು ಕಾಲಿನ ಮೇಲೆ ನಿಂತಿರುವುದು ಸೂರೇ ಎಂದು ನನಗೆ ಖಂಡಿತ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಎಲ್ಲರ ಪಾಠವೂ ಬಿದ್ದರೆ ನನ್ನದೊಂದು ಬಿದ್ದದ್ದು ಯಾರಿಗೆ ಕಾಣುತ್ತದೆ ಎಂದು ಲೆಕ್ಕ ಹಾಕಿದ್ದೆ. ಅದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ, ಆದರೂ ಹೇಳಬೇಕಾದದ್ದು.

ಬೆಳಗಿನಿಂದ ಊಟದ ಹೊತ್ತಿನವರೆಗೆ ಪಾಠಗಳಾದವು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂದು ನನಗೊಬ್ಬಳಿಗೇ ಅನ್ನಿಸುತ್ತಿತ್ತೋ ಏನೋ. ಅಳಿಯನ ಹಕ್ಕಿಗಳಂತೂ ಅದ್ಭುತ. ಒಂದು ಹಕ್ಕಿಯ ಕೊಕ್ಕು ಸೌಟಿನ ಹಾಗಿತ್ತು, ಇನ್ನೊಂದು ನಿದ್ದೆ ಮಾಡುತ್ತಲೇ ಸಮುದ್ರ ದಾಟುತ್ತಿತ್ತು ಎಂದು ಆಮೇಲೆ ಅವನ ಕಾಗದ ನೋಡಿ ತಿಳಿದೆವು. ಊಟವಾಯಿತು. ಮುಂದಿನ ಸರದಿ ನಮ್ಮ ಮನೆಯದು. ನಾನು ಮೆಲ್ಲನೆ ಎದ್ದು, ಅಡುಗೆಯವರು ಬೇಡವೆಂದರೂ ಕೇಳದೆ, ಸಾರಿನ ಕೊಪ್ಪರಿಗೆಯನ್ನೂ ಒಂದು ಚೊಂಬನ್ನೂ ಒಲೆಯ ಬೂದಿಯನ್ನೂ ಎತ್ತಿಕೊಂಡು ತೂಬಿನ ಕಲ್ಲಿನ ಕಡೆ ನಡೆದೆ. ತಪ್ಪಿಸಿಕೊಳ್ಳಲು ನನಗೆ ಗೊತ್ತಿದ್ದ ಜಾಗ ಅದೊಂದೇ.

ಕಲ್ಲಿನ ಎಡಕ್ಕೆ, ಏರಿಯ ಬುಡದಲ್ಲಿ ಒಂದು ಜಿನುಗು ಇದೆ. ಕಿರುಬೆರಳಿನಷ್ಟು ನೀರು, ಎರಡು ಕಲ್ಲಿನ ನಡುವೆ ಇಳಿದು ಕಾಲುವೆ ಸೇರುತ್ತದೆ. ಇಪ್ಪತ್ತೆರಡು ವರ್ಷ ಅದರ ಪಕ್ಕದಲ್ಲೇ ಕೂತಿದ್ದೇನೆ, ಅದರಲ್ಲೇ ಮುಖ ತೊಳೆದಿದ್ದೇನೆ, ಅದನ್ನೇ ಕುಡಿದಿದ್ದೇನೆ. ಯಾವಾಗಲೂ ತಿಳಿ ನೀರು. ಆವತ್ತು ಅದು ಮುಂಗೈ ದಪ್ಪ ಬರುತ್ತಿತ್ತು. ಬಣ್ಣ ರಾಗಿ ಅಂಬಲಿಯದು.

ಕೊಪ್ಪರಿಗೆಯನ್ನು ಅಲ್ಲೇ ಕೆಳಗೆ ಹಾಕಿದೆ. ಯಾಕೆಂದು ಆಗ ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಆದರೆ ಕೈ ಆಗಲೇ ಬೂದಿ ಎತ್ತಿತ್ತು, ಕಾಲು ಏರಿ ಹತ್ತುತ್ತಿತ್ತು. ತುಂಬಿದ ಕೆರೆ. ಅತ್ತೆ ಎಸೆಯುತ್ತಿದ್ದ ಹಾಗೆ, ಬೀಸಿ ಎಸೆದೆ. ಬೂದಿ ನೀರಿನ ಮೇಲೆ ಹರಡಿತು, ಗಾಳಿಗೆ ಒಂದಿಷ್ಟು ಸರಿಯಿತು. ಆಮೇಲೆ ದಡದಿಂದ ಎರಡು ಮಾರು ದೂರದಲ್ಲಿ ಒಂದು ಕಡೆ ಸುತ್ತತೊಡಗಿತು. ಬಚ್ಚಲ ತೂತಿಗೆ ನೀರು ಇಳಿಯುವ ಹಾಗೆ ಸುತ್ತಿ ಸುತ್ತಿ ಒಳಗೆ ಹೋಯಿತು. ಅಲ್ಲಿ ಏರಿಗೆ ಬಾಯಿ ಬಿದ್ದಿತ್ತು. ಕೆರೆ ತನ್ನ ಏರಿಯನ್ನೇ ಒಳಗಿನಿಂದ ತಿಂದು ಹೊರಗೆ ಉಗುಳುತ್ತಿತ್ತು. ಕೆಳಗಿನ ಬಯಲಿನಲ್ಲಿ ಇಡೀ ಊರು ಪಟ್ಟೆಯ ಬಟ್ಟೆಯ ಅಡಿ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿತ್ತು.

ಆಗ ನನ್ನ ಕಂಬಳಿ ನೆನಪಾಯಿತು. ಇಂಥದೇ ಬಾಯಿಗೆ ಕಲ್ಲು ಕಟ್ಟಿ ಇಳಿಬಿಟ್ಟ ನನ್ನ ತವರಿನ ಕಂಬಳಿ.

ಚೊಂಬಿನ ತುಂಬ ಬಗ್ಗಡ ನೀರು ಹಿಡಿದುಕೊಂಡು ಓಡಿದೆ. ಮೈಕಿನಲ್ಲಿ ಟೀಚರ್ "ನೀರುಗಂಟಿ ಮನೆಯವರು ಪಾಠಕ್ಕೆ ಬರಬೇಕು" ಎಂದು ಎರಡನೇ ಸಲ ಕರೆಯುತ್ತಿದ್ದರು. ನಾನು ಶಾಮಿಯಾನದ ಹೊರಗೇ, ಬಿಸಿಲಲ್ಲೇ ನಿಂತೆ.

"ನಮ್ಮನೆ ಪಾಠ ಒಳಗಿಲ್ಲ. ಎಲ್ಲಾ ಎದ್ದು ಈಚೆಗೆ ಬನ್ನಿ" ಎಂದೆ.

"ಉಂಡು ಕುಂತೋರ್ನ ಬಿಸಿಲಿಗೆ ಎಬ್ಬಿಸ್ತೀಯಲ್ಲವ್ವ" ಎಂದರು ಈರೇಗೌಡರು. ಕೆಲವರು ನಕ್ಕರು.

ಗೊಣಗುತ್ತಲೇ ಅವರೂ ಮಕ್ಕಳೂ ಎದ್ದು ಬಿಸಿಲಿಗೆ ಬಂದರು; ಚೊಂಬನ್ನು ಗೌಡರ ಕೈಗೇ ಕೊಟ್ಟೆ. "ಜಿನುಗಿನ ನೀರು. ನೋಡಿ ಗೌಡ್ರೆ. ತಿಳಿಯಾಗಿದ್ರೆ ಏರಿ ಬೆವರ್ತಾ ಐತೆ ಅಂತ. ಹಿಂಗಿದ್ರೆ ಏರಿ ಅಳ್ತಾ ಐತೆ."

ಆ ಮಾತು ನನ್ನ ಬಾಯಿಗೆ ಎಲ್ಲಿಂದ ಬಂತೋ ತಿಳಿಯದು. ಗೌಡರು ಎರಡು ಬೆರಳು ಅದ್ದಿ, ಉಜ್ಜಿ ನೋಡಿದರು. ಅರವತ್ತು ವರ್ಷ ಮಣ್ಣು ಉತ್ತ ಬೆರಳು ಅವು. ಅವರ ಮುಖದ ನಗು ಹೋಯಿತು.

"ಇದು ಏರಿ ಮಣ್ಣು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಏನು ಮಾಡಬೇಕು ಹೇಳವ್ವ."

ಆ ಊರಿನಲ್ಲಿ ಅದುವರೆಗೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಮೊದಲು ಮಕ್ಕಳನ್ನೂ ಮುದುಕರನ್ನೂ ಏರಿಯ ತುದಿಯ ಎತ್ತರದ ಬಂಡೆಯ ಮೇಲೆ ಹತ್ತಿಸಿ ಎಂದೆ. ಟೀಚರ್ ಅವರನ್ನು ಸಾಲು ಹಿಡಿಸಿ ನಡೆಸಿಕೊಂಡು ಹೋದರು. ಅಲ್ಲಿಂದ ಏರಿಯ ಎರಡೂ ಮಗ್ಗುಲು ಕಾಣುತ್ತವೆ. ಆಮೇಲೆ, "ಕೆರೆಗೆ ಇಳಿಬಿಡೋಕೆ ದೊಡ್ಡದೊಂದು ದಪ್ಪ ಬಟ್ಟೆ ಬೇಕು. ಕಂಬಳಿ ಸಾಲಲ್ಲ" ಎಂದೆ. ಹೇಳಿದ ಮೇಲೆ ನಾನೂ ಗೌಡರೂ ಒಟ್ಟಿಗೇ ತಲೆ ಎತ್ತಿ ನೋಡಿದೆವು.

"ಕೀಳ್ರೋ ಇದನ್ನ" ಎಂದು ಗೌಡರು ಶಾಮಿಯಾನದ ಮೊದಲ ಗೂಟವನ್ನು ತಾವೇ ಒದ್ದು ಕಿತ್ತರು. ಹದಿನಾರು ಕಂಬ ಮಲಗಿದವು. ಪರದೆ, ಪ್ರೊಜೆಕ್ಟರ್, ಅಳಿಯ ಎಲ್ಲವೂ ಒಂದು ಗಳಿಗೆ ಬಟ್ಟೆಯ ಅಡಿಯಾದವು. ಅಳಿಯ ಕೆಮ್ಮುತ್ತಾ ಹೊರಗೆ ಬಂದವನು, ಒಳ್ಳೆಯ ಹುಡುಗ, ಏನೂ ಕೇಳದೆ ಬಟ್ಟೆಯ ಒಂದು ತುದಿ ಹಿಡಿದುಕೊಂಡ.

ನಾನು ತೂಬಿನ ಗೂಟ ಎತ್ತಿದೆ. ಬದುಕಿನಲ್ಲಿ ಮೊದಲ ಸಲ. ಕೆರೆಯ ಭಾರ ಕೊಂಚವಾದರೂ ಇಳಿಯಲಿ ಎಂದು. ನೀರು ಕಾಲುವೆ ತುಂಬಿ, ಕೊಯ್ಲಿಗೆ ಬಂದಿದ್ದ ಗೌಡರ ಗದ್ದೆಗೇ ಮೊದಲು ನುಗ್ಗಿತು. ಅವರು ತಿರುಗಿಯೂ ನೋಡಲಿಲ್ಲ.

ಬಟ್ಟೆಯನ್ನು ನಾಲ್ಕು ಪದರ ಮಡಿಸಿ, ಮೂಲೆಗಳಿಗೆ ಕಲ್ಲು ಕಟ್ಟಿದೆವು. ನೀರಿಗೆ ಇಳಿದು ಅದನ್ನು ಸುಳಿಯ ಮೇಲಕ್ಕೆ ಎಳೆಯಲು ಜನ ಬೇಕಿತ್ತು. ಮೂವರು ಇಳಿದರು. ನಾಲ್ಕನೆಯ ಮೂಲೆ ಹಿಡಿದವರನ್ನು ನೋಡಿ ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ನನ್ನ ಗಂಡ. ಎದೆಮಟ್ಟ ನೀರಿನಲ್ಲಿ, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ತುಟಿಯಲ್ಲೇ ತಮ್ಮ ತಾಯಿಯನ್ನು ಕರೆಯುತ್ತಾ ನಿಂತಿದ್ದರು.

"ಕಣ್ಣು ಬಿಡ್ರಿ" ಎಂದೆ ದಡದಿಂದ.

"ಬಿಟ್ರೆ ನೀರು ಕಾಣ್ತದೆ. ನೀನು ಹೇಳು, ನಾನು ಎಳೀತೀನಿ."

ಸುಳಿ ಎಲ್ಲಿದೆಯೆಂದು ಕಾಣಲು ಇನ್ನೊಂದು ಹಿಡಿ ಬೂದಿ ಬೀಸಿ ಎಸೆದು, ಬಲಕ್ಕೆ, ಇನ್ನೂ ಬಲಕ್ಕೆ, ಸಾಕು, ಬಿಡಿ ಎಂದೆ. ಬಿಟ್ಟರು. ಸುಳಿ ತಾನಾಗಿಯೇ ಆ ಬಟ್ಟೆಯನ್ನು ಹಿಡಿದು ಒಳಗೆಳೆದುಕೊಂಡಿತು. ತುತ್ತು ಗಂಟಲಿಗೆ ಸಿಕ್ಕ ಹಾಗೆ ಒಮ್ಮೆ ಗುಳಕ್ಕೆಂದು ಸುಮ್ಮನಾಯಿತು. ಅದರ ಮೇಲೆ ಜೇಡಿಮಣ್ಣು ತುಂಬಿದ ಚೀಲಗಳನ್ನು ಒಂದರ ಹಿಂದೊಂದು ಇಳಿಸಿದೆವು. ಜೇಡಿ ಎಲ್ಲಿದೆ ಎಂದು ಕುಂಬಾರರ ಮನೆಯವರು ತೋರಿಸಿದರು. ಹೆಂಗಸರು ಗಂಡಸರು ಎನ್ನದೆ ಕೈಯಿಂದ ಕೈಗೆ ಚೀಲ ದಾಟಿತು.

ಕೆಳಗೆ ಜಿನುಗಿನ ಬಾಯಿಗೆ ಯಾರೋ ಮಣ್ಣು ಮೆತ್ತಲು ಹೊರಟಿದ್ದರು. ಓಡಿ ಹೋಗಿ ತಡೆದೆ. ಅತ್ತೆ ಒಮ್ಮೆ ಅದರ ಸುತ್ತ ಕಲ್ಲು ಜೋಡಿಸಿ, ಮರಳು ಸುರಿದು, ಮಕ್ಕಳಾಟದ ಕೋಟೆಯಂತೆ ಕಟ್ಟಿದ್ದರು. ಮುದುಕಿಗೆ ಅರಳುಮರಳು ಎಂದು ನಾನು ನಕ್ಕಿದ್ದೆ. "ಮುಚ್ಚಬ್ಯಾಡಿ. ಮುಚ್ಚಿದ್ರೆ ಬ್ಯಾರೆ ಕಡೆ ದಾರಿ ಹುಡುಕ್ತದೆ. ಸುತ್ತ ಮರಳಿನ ಚೀಲ ಇಡಿ, ನೀರು ಬರ್ಲಿ, ಮಣ್ಣು ಬರ್ಬಾರ್ದು" ಎಂದೆ. ಹೇಳುತ್ತಿದ್ದದ್ದು ನಾನೋ ಅವರೋ ನನಗೇ ಗೊತ್ತಾಗಲಿಲ್ಲ.

ಹೊತ್ತು ಇಳಿಯುವ ಮೊದಲು ಜಿನುಗು ಕಿರುಬೆರಳಾಯಿತು. ಅಂಬಲಿಯ ಬಣ್ಣ ಮಜ್ಜಿಗೆಯಾಯಿತು, ಮಜ್ಜಿಗೆ ತಿಳಿಯಾಯಿತು. ಬೊಗಸೆಯಲ್ಲಿ ಹಿಡಿದು ಕುಡಿದೆ. ಹಲ್ಲಿಗೆ ಒಂದು ಹರಳೂ ಸಿಕ್ಕಲಿಲ್ಲ. ತಲೆ ಎತ್ತಿ "ಬೆವರ್ತಾ ಐತೆ" ಎಂದೆ. ಬಂಡೆಯ ಮೇಲಿದ್ದ ಮಕ್ಕಳು ಎಬ್ಬಿಸಿದ ಕೂಗಿಗೆ ಕೆರೆಯ ಕೊಕ್ಕರೆಗಳೆಲ್ಲ ಒಟ್ಟಿಗೇ ಎದ್ದವು.

ಮರುದಿನ ಬೆಳಿಗ್ಗೆ ಏರಿಯ ಮೇಲೆ ಪರೀಕ್ಷೆ. ಟೀಚರ್ ಮಕ್ಕಳ ಸಾಲಿನಿಂದ ಚಂದ್ರಿ ಎಂಬ ಹುಡುಗಿಯನ್ನು ಕರೆದು, ನಿನ್ನೆ ಯಾವ ಯಾವ ಹಕ್ಕಿ ನೋಡಿದೆ ಎಂದು ಕೇಳಿದರು.

"ಕೊಕ್ಕರೆ ಮಿಸ್" ಎಂದಳು.

ಈರೇಗೌಡರ ಅಳಿಯ ತನ್ನ ಪ್ರೊಜೆಕ್ಟರನ್ನು ಇಲ್ಲಿಗೆ ಯಾಕೆ ತಂದೆನೆಂದು ಆಗಿನಿಂದ ತನ್ನ ಹೆಂಡತಿಯನ್ನೇ ಕೇಳುತ್ತಿದ್ದ. ಜೇನಿನ ಪಾಠ ಯಾರಿಗೂ ನೆನಪಿರಲಿಲ್ಲ, ಸೊಪ್ಪಿನದೂ ಇಲ್ಲ. ಬೆಳಗಿನ ಪಾಠಗಳು ಒಂದೊಂದಾಗಿ ಬಿದ್ದವು. ಜೇಡಿಮಣ್ಣಿನದೊಂದು ನಿಂತಿತು, ಮಕ್ಕಳು ಅದನ್ನು ಮಧ್ಯಾಹ್ನ ಕಣ್ಣಾರೆ ನೋಡಿದ್ದರಲ್ಲ. ಕೊನೆಗೆ ಟೀಚರ್ "ಏರಿ ಅಳೋದು ಹೇಗೆ ಗೊತ್ತಾಗುತ್ತೆ?" ಎಂದರು. ಚಂದ್ರಿ ನೀರಿನ ಕಡೆ ತಿರುಗಿದಳು. ನನ್ನ ಕುಕ್ಕೆಯಿಂದ ಒಂದು ಹಿಡಿ ಬೂದಿ ತೆಗೆದುಕೊಂಡು, ನೀರಿಗೆ ಬೀಸಿ ಎಸೆದು, ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾ ನಿಂತಳು. ಅವಳು ನಿಂತ ಭಂಗಿ ನನ್ನ ಅತ್ತೆಯದೇ.

ಕೂಸೇ, ಇದನ್ನು ನಿನಗೆ ಯಾರು ಕಲಿಸಿದರು ಎಂದು ಟೀಚರ್ ಕೇಳಿದಾಗ ಅವಳು ನನ್ನ ಕಡೆ ಬೆರಳು ಮಾಡಿದಳು. ಟೀಚರ್ ನನ್ನನ್ನು ನೋಡಿ, "ನಿಮಗೆ ಯಾರು ಕಲಿಸಿದ್ದು ಕೆಂಪಾಜಮ್ಮ? ದ್ಯಾವೀರಮ್ಮನವರು ಹೇಳಿದ್ದೆಲ್ಲ ಮರೆತುಹೋಯ್ತು ಅಂತಿದ್ರಲ್ಲ" ಎಂದರು.

"ಹೇಳಿದ್ದು ಮರ್ತೋಯ್ತು ಟೀಚರ್" ಎಂದೆ. "ಕೂರ್ಸಿದ್ದು ಉಳೀತು." ಇಪ್ಪತ್ತೆರಡು ವರ್ಷ ನಾನು ಶಿಕ್ಷೆ ಎಂದುಕೊಂಡದ್ದು ಶಾಲೆಯಾಗಿತ್ತು. ಊರೆಲ್ಲರ ಎದುರು ನಿಂತು ಅತ್ತುಬಿಟ್ಟೆ. ಸುಖದ ಅಳು ಅದು, ನಾಚಿಕೆಯೇನೂ ಆಗಲಿಲ್ಲ.

ಪಾಠ ನಿಂತದ್ದು ಎರಡೇ ಮನೆಯದು. ಕಟ್ಟಳೆಯ ಪ್ರಕಾರ ಊರಿನ ಮಿಕ್ಕ ಕೆಲಸಗಳೆಲ್ಲ ನಮಗೂ ಕುಂಬಾರರಿಗೂ ಬರಬೇಕು. ಜೇನು ಕೀಳುವ ಹಗ್ಗವನ್ನು ಮುದ್ದಯ್ಯ ಮುಖ ಸಣ್ಣ ಮಾಡಿಕೊಂಡು ನನ್ನ ಮುಂದೆ ಹಿಡಿದ. "ನಂಗೆ ಗೂಟ ಒಂದೇ ಸಾಕು ಕಣಣ್ಣ" ಎಂದೆ. "ಎಲ್ಲಾ ಇಲ್ಲೇ ಬಿಸ್ಲಲ್ಲಿ ಕುಂತ್ಕಂಡು ಇನ್ನೊಂದ್ಸಲ ಹೇಳ್ರಪ್ಪ." ಹಾಗೆ ಆ ವರ್ಷ ಬಯಲುಪಾಠ ಎರಡು ದಿನ ನಡೆಯಿತು. ಎರಡನೇ ದಿನ ಒಂದು ಕೊಡೆಯೂ ಬಿಚ್ಚಲಿಲ್ಲ. ಈರೇಗೌಡರ ಮನೆಯ ಪಾಠವನ್ನು ಅವರೇ ಹೇಳಿದರು: ಬೆರಳಲ್ಲಿ ಉಜ್ಜಿ ಮಣ್ಣು ಯಾವ ಜಾಗದ್ದೆಂದು ತಿಳಿಯುವುದು. ಅವರ ಶಾಮಿಯಾನ ಮುಂದಿನ ಬೇಸಿಗೆಯಲ್ಲಿ ಏರಿ ಅಗೆದು ಕಟ್ಟುವವರೆಗೂ ಕೆರೆಯ ಗಂಟಲಲ್ಲೇ ಇತ್ತು.

ಅದರ ಮರುದಿನ ಬೆಳಿಗ್ಗೆ ಎಂದಿನಂತೆ ಪಾತ್ರೆಯ ಕುಕ್ಕೆ ಹೊತ್ತು ತೂಬಿನ ಕಲ್ಲಿಗೆ ಹೋದೆ. ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಮನೆಯಲ್ಲಿ ಬಾವಿ, ನಲ್ಲಿ ಇರುವವರೆಲ್ಲ ಅಲ್ಲಿದ್ದರು. ಟೀಚರ್ ತಮ್ಮ ಊಟದ ಡಬ್ಬಿ ತಂದಿದ್ದರು. ಚಂದ್ರಿಯ ಅವ್ವ ಚಂದ್ರಿಯನ್ನು ಜಿನುಗಿನ ಪಕ್ಕದಲ್ಲೇ ಒಂದು ಲೋಟ ಕೊಟ್ಟು ಕೂರಿಸಿದ್ದಳು. ನಡುವೆ ಪಂಚೆ ಮೇಲೆ ಕಟ್ಟಿಕೊಂಡು, ಹುಟ್ಟಿದಾಗಿನಿಂದ ಒಂದು ಲೋಟವನ್ನೂ ತೊಳೆಯದ ಈರೇಗೌಡರು ಹಿತ್ತಾಳೆ ಚೊಂಬೊಂದನ್ನು ತಲೆಕೆಳಗಾಗಿ ಹಿಡಿದು ಉಜ್ಜುತ್ತಿದ್ದರು.

"ಒಂಚೂರು ಬೂದಿ ಕೊಡವ್ವ" ಎಂದರು.

ಕೊಟ್ಟೆ. ನನ್ನ ಅತ್ತೆಯ ಕಲ್ಲಿನ ಮೇಲೆ ಕೂರಲು ಆವತ್ತು ನಾನು ಸಾಲಿನಲ್ಲಿ ನಿಂತೆ.